ಟೆನ್ಷನ್ ತೆಗೀರಿ, ಬೀಡಿ ಬಿಡ್ತೀವಿ

(ಮೇ 31, ವಿಶ್ವ ತಂಬಾಕು ರಹಿತ ದಿನದಂದು ನಮ್ಮೂರಿನ ಬಸ್ ಡಿಪೋದಲ್ಲಿ ಆಡಿದ ಮಾತುಗಳ ಬರಹ ರೂಪ. ಮಧ್ಯೆ ಬಂದ ಪ್ರಶ್ನೆಗಳನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೆಳಗಿನ ಶೆಡ್ಯೂಲ್ ಮುಗಿಸಿ ಬಂದವರು ಅರ್ಧ ಜನ, ಸಂಜೆ ಗಾಡಿಗೆ ಹೊರಡಬೇಕಾದವರು ಅರ್ಧ ಜನ ಇಲ್ಲಿ ಕೂತಿದ್ದೀರಿ. ಮ್ಯಾನೇಜರ್ ಸಾಹೇಬರು ಕೂರಿ ಅಂದಿದ್ದಕ್ಕೆ ಕೂತಿದ್ದೀರಿ ಅಂತ ನನಗೂ ಗೊತ್ತು. ಅದಕ್ಕೇ ಮುಕ್ಕಾಲು ಗಂಟೆಗಿಂತ ಜಾಸ್ತಿ ಕೊರೆಯುವುದಿಲ್ಲ.

ನಾನು ಒಳಗೆ ಬರುವಾಗ ಕ್ಯಾಂಟೀನ್ ಹಿಂದೆ ನಾಲ್ಕು ಜನ ನಿಂತಿದ್ದರು. ನನ್ನನ್ನು ನೋಡಿದ್ದೇ ಮೂರು ಜನ ಕೈಯನ್ನು ಬೆನ್ನ ಹಿಂದೆ ಮಾಡಿದರು. ನಾಲ್ಕನೆಯವರು ಬಚ್ಚಿಡಲಿಲ್ಲ. ಒಂದು ದಮ್ ನಿಧಾನಕ್ಕೆ ಎಳೆದು ಹೇಳಿದರು: "ಡಾಕ್ಟ್ರೇ, ಇದು ಕೆಟ್ಟದ್ದು ಅಂತ ಗೊತ್ತು. ಕಟ್ಟಿನ ಮೇಲೇ ಫೋಟೊ ಹಾಕಿರ್ತಾರಲ್ಲ. ಆದ್ರೆ ನಮ್ ಕೆಲಸದ ಟೆನ್ಷನ್ ನಿಮಗೆ ಗೊತ್ತಿಲ್ಲ. ನೀವು ಟೆನ್ಷನ್ ತೆಗೀರಿ, ನಾವು ಬೀಡಿ ಬಿಡ್ತೀವಿ."

ನಾನು ಬರೆದುಕೊಂಡು ಬಂದಿದ್ದ ಭಾಷಣ ಬೇರೆ ಇತ್ತು. ಶ್ವಾಸಕೋಶದಿಂದ ಶುರುಮಾಡಿ ಕ್ಯಾನ್ಸರ್‌ವರೆಗೆ. ಆ ಚೀಟಿಯನ್ನು ಜೇಬಿಗೆ ಹಾಕಿದ್ದೇನೆ. ಅವರ ಮಾತಿಗೆ ಉತ್ತರ ಕೊಡದೆ ಮಿಕ್ಕಿದ್ದೆಲ್ಲ ಹೇಳಿ ಉಪಯೋಗವಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನೂ ಹನ್ನೊಂದು ವರ್ಷ ಸೇದಿದವನು. ಮೆಡಿಕಲ್ ಓದುವಾಗ ಶುರುವಾಯಿತು. ಬೆಳಿಗ್ಗೆ ಹೆಣ ಕೊಯ್ಯುವ ಕ್ಲಾಸು. ಆ ಫಾರ್ಮಲಿನ್ ವಾಸನೆ ಹೋಗಲಿ ಅಂತ ಒಂದು ಸಿಗರೇಟು. ಆಮೇಲೆ ಪರೀಕ್ಷೆಗೆ ಒಂದು, ನೈಟ್ ಡ್ಯೂಟಿಗೆ ಒಂದು, ಕೊನೆಗೆ ಸುಮ್ನೆ ಒಂದು. ಎದೆರೋಗದ ಡಾಕ್ಟರ್ ಆದಮೇಲೂ ಎರಡು ವರ್ಷ ಸೇದಿದ್ದೇನೆ. ರೋಗಿಗೆ "ಬಿಡಬೇಕಪ್ಪಾ" ಅಂತ ಹೇಳಿ, ಆಸ್ಪತ್ರೆಯ ಹಿಂದಿನ ಮೆಟ್ಟಿಲ ಹತ್ತಿರ ಹೋಗಿ ಹಚ್ಚುತ್ತಿದ್ದೆ. ನನ್ನ ನೆಪವೂ ಟೆನ್ಷನ್ನೇ.

ಈಗ ಆ ಟೆನ್ಷನ್ ಎಲ್ಲಿಂದ ಬರುತ್ತದೆ ನೋಡೋಣ. ಒಂದು ದಮ್ ಎಳೆದರೆ ನಿಕೋಟಿನ್ ಮಿದುಳಿಗೆ ತಲುಪಲು 10ರಿಂದ 20 ಸೆಕೆಂಡು ಸಾಕು. ತೋಳಿಗೆ ಚುಚ್ಚುವ ಇಂಜೆಕ್ಷನ್ನಿಗೂ ಅಷ್ಟು ವೇಗವಿಲ್ಲ. ಅಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಬಿಡುಗಡೆಯಾಗುತ್ತದೆ, ಹಾಯ್ ಅನ್ನಿಸುತ್ತದೆ. ಸುಳ್ಳಲ್ಲ, ನಿಜವಾಗಿಯೂ ಅನ್ನಿಸುತ್ತದೆ. ಆದರೆ ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿನ ನಿಕೋಟಿನ್ ಅರ್ಧಕ್ಕೆ ಇಳಿಯುತ್ತದೆ. ದಿನಾ ಸೇದುವವನ ಮಿದುಳು ಅಷ್ಟು ಹೊತ್ತಿಗೆ ಚಡಪಡಿಸಲು ಶುರುಮಾಡುತ್ತದೆ. ಸಿಡುಕು, ಕೈಕಾಲು ಒಂದು ಕಡೆ ನಿಲ್ಲದಿರುವುದು, ಕೆಲಸದಲ್ಲಿ ಗಮನವಿಲ್ಲದಿರುವುದು, ಚಿಲ್ಲರೆ ಕೇಳಿದ ಪ್ಯಾಸೆಂಜರ್ ಮೇಲೆ ರೇಗುವುದು. ಆಗ ಒಂದು ಹಚ್ಚುತ್ತೀರಿ. ಚಡಪಡಿಕೆ ಹೋಗುತ್ತದೆ. "ನೋಡಿ, ಬೀಡಿ ಟೆನ್ಷನ್ ತೆಗೀತು" ಅನ್ನುತ್ತೀರಿ.

ಮೀಟರ್ ಬಡ್ಡಿ ವ್ಯವಹಾರ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಹಳೇ ಸಾಲ ತೀರಿಸಲು ಅವನೇ ಹೊಸ ಸಾಲ ಕೊಡುತ್ತಾನೆ. ಆ ಕ್ಷಣಕ್ಕೆ ಅವನಷ್ಟು ಒಳ್ಳೆಯವನು ಯಾರೂ ಇಲ್ಲ. ನಿಕೋಟಿನ್ ಮಾಡುವುದೂ ಅದೇ ಕೆಲಸ. ಹಿಂದಿನ ಬೀಡಿ ಹುಟ್ಟಿಸಿದ ಚಡಪಡಿಕೆಯನ್ನು ಈ ಬೀಡಿ ತೀರಿಸುತ್ತದೆ. ಡಬಲ್ ಡ್ಯೂಟಿ, ಟ್ರಾಫಿಕ್ಕು, ಮಗಳ ಫೀಸು ಎಲ್ಲ ಇದ್ದಲ್ಲೇ ಇರುತ್ತವೆ. ಇನ್ನೂ ಒಂದು ತಮಾಷೆ ಅಂದರೆ, ಸೇದಿದಾಗ ಎದೆಬಡಿತ, ಬಿಪಿ ಎರಡೂ ಏರುತ್ತವೆ. ಮನಸ್ಸು ಸಮಾಧಾನ ಅನ್ನುತ್ತಿರುತ್ತದೆ, ಹೃದಯ ಘಾಟಿ ಹತ್ತುತ್ತಿರುತ್ತದೆ.

ನಂಬಿಕೆ ಬರದಿದ್ದರೆ ಪಕ್ಕದಲ್ಲಿ ಕೂತಿರುವ, ಸೇದದ ಡ್ರೈವರನ್ನು ನೋಡಿ. ಅದೇ ರೂಟು, ಅದೇ ಗಾಡಿ, ಅದೇ ಬೈಗುಳ. ಅವರಿಗೆ ಎರಡು ಗಂಟೆಗೊಮ್ಮೆ ಕೈ ಜೇಬಿಗೆ ಹೋಗುವುದಿಲ್ಲ. ಅಂದರೆ ಅವರಿಗೆ ಕೆಲಸದ ಟೆನ್ಷನ್ ಒಂದೇ. ನಿಮಗೆ ಎರಡು.

ಹಾಗಂತ ಆ ನಾಲ್ಕನೆಯವರ ಮಾತು ಪೂರ್ತಿ ತಪ್ಪು ಅಂತಲೂ ಅಲ್ಲ. ಗಾಡಿಯಿಂದ ಇಳಿದು, ಐದು ನಿಮಿಷ ಗಾಳಿಗೆ ನಿಂತು, ಬೈ ಟು ಟೀ ಹಿಡಿದು, ಜೊತೆಯವನ ಹತ್ತಿರ ಎರಡು ಮಾತಾಡುತ್ತೀರಲ್ಲ, ಆ ಸಮಾಧಾನದಲ್ಲಿ ಒಂದು ಪಾಲು ಬೀಡಿಯದ್ದೇ ಅಲ್ಲ. ಅದು ಬಿಡುವಿನದ್ದು. ಗೆಳೆಯನದ್ದು. ಹೆಸರು ಮಾತ್ರ ಬೀಡಿ ಹೊಡೆದುಕೊಳ್ಳುತ್ತದೆ. ಆ ಐದು ನಿಮಿಷವನ್ನು ಯಾರಿಗೂ ಬಿಟ್ಟುಕೊಡಬೇಡಿ. ಮ್ಯಾನೇಜರ್ ಎದುರಿಗೇ ಹೇಳುತ್ತಿದ್ದೇನೆ. (ನಗು)

2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ದೊಡ್ಡ ಲೆಕ್ಕಾಚಾರ ಬಂತು. ಸೇದುವುದನ್ನು ಬಿಟ್ಟವರ ಮನಸ್ಸು ಏನಾಗುತ್ತದೆ ಅಂತ ನೋಡಿದ 26 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಬಿಡದವರಿಗೆ ಹೋಲಿಸಿದರೆ ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಕಮ್ಮಿಯಾಗಿದ್ದವು. ಖಿನ್ನತೆಗೆ ಕೊಡುವ ಮಾತ್ರೆಗಳಿಂದ ಆಗುವಷ್ಟು ವ್ಯತ್ಯಾಸ ಇದರಲ್ಲೂ ಕಂಡಿತ್ತು. ಮೊದಲೇ ಮಾನಸಿಕ ಕಾಯಿಲೆ ಇದ್ದವರಲ್ಲೂ ಹಾಗೇ. ಆದರೆ ಒಂದು ಎಚ್ಚರಿಕೆ. ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇಲ್ಲಿ ಯಾರಾದರೂ ಇದ್ದರೆ, ನಿಮ್ಮ ಡಾಕ್ಟರಿಗೆ ಹೇಳಿಯೇ ಬಿಡಿ. ಹೊಗೆ ಕೆಲವು ಮಾತ್ರೆಗಳನ್ನು ಮೈಯಿಂದ ಬೇಗ ಹೊರಹಾಕಿಸುತ್ತಿರುತ್ತದೆ. ಸೇದುವುದು ನಿಂತರೆ ಅದೇ ಡೋಸು ಜಾಸ್ತಿಯಾಗಿಬಿಡಬಹುದು.

ಇನ್ನು ಶರೀರದ ಕಡೆ ಬರೋಣ. ಬಾಗಿಲ ಹತ್ತಿರ ಎಲ್ಲರಿಗೂ ಒಂದೊಂದು ಸ್ಟ್ರಾ ಕೊಟ್ಟಿದ್ದಾರಲ್ಲ, ಪ್ಯಾಕೆಟ್ ಜ್ಯೂಸಿನ ಸಣ್ಣ ಸ್ಟ್ರಾ. ಆಸ್ತಮಾ, ಹೃದಯದ ತೊಂದರೆ ಇರುವವರು ಇದನ್ನು ಮಾಡಬೇಡಿ. ಮಿಕ್ಕವರು ಬಾಯಲ್ಲಿ ಇಟ್ಟುಕೊಂಡು, ಮೂಗು ಬಿಗಿಯಾಗಿ ಹಿಡಿದು, ಸ್ಟ್ರಾದಿಂದಲೇ ಉಸಿರಾಡಿ. ನಾನು ಗಡಿಯಾರ ನೋಡುತ್ತೇನೆ.

(ಮೊದಲು ನಗು. ಇಪ್ಪತ್ತು ಸೆಕೆಂಡಿಗೆ ನಗು ನಿಂತಿತು. ನಲವತ್ತಕ್ಕೆ ಮುಕ್ಕಾಲು ಪಾಲು ಜನ ಸ್ಟ್ರಾ ತೆಗೆದಿದ್ದರು. ಹಿಂದಿನ ಸಾಲಿನ ಒಬ್ಬ ಮೆಕ್ಯಾನಿಕ್ ಹಟ ಹಿಡಿದು ಒಂದು ನಿಮಿಷ ಮುಗಿಸಿ, ಎದ್ದುನಿಂತು ಉಸಿರು ಎಳೆದುಕೊಂಡ.)

ಸಿಒಪಿಡಿ ಅನ್ನುವ ಕಾಯಿಲೆಯ ಹೆಸರು ಕೇಳಿರುತ್ತೀರಿ. ಹಳ್ಳಿಯಲ್ಲಿ ದಮ್ಮು ಅನ್ನುತ್ತಾರೆ. ಅದು ಜಾಸ್ತಿಯಾದವರು ಇಡೀ ದಿನ ಉಸಿರಾಡುವುದು ಹೀಗೆ. ಆ ಸ್ಟ್ರಾವನ್ನು ಅವರು ಬಾಯಿಂದ ತೆಗೆಯುವಂತಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮ ಶ್ವಾಸನಾಳದ ಒಳಗೆ ಕೂದಲಿನಂಥ ಸಣ್ಣ ಎಳೆಗಳಿವೆ. ಧೂಳು, ಕಫ ಎಲ್ಲವನ್ನೂ ಮೇಲಕ್ಕೆ ತಳ್ಳುವುದು ಅವುಗಳ ಕೆಲಸ. ಪೊರಕೆ ಇದ್ದ ಹಾಗೆ. ಹೊಗೆ ಅವುಗಳನ್ನು ಮಂಕು ಮಾಡುತ್ತದೆ. ರಾತ್ರಿಯೆಲ್ಲ ಸೇದದೆ ಮಲಗಿದಾಗ ಅವು ಸ್ವಲ್ಪ ಚೇತರಿಸಿಕೊಂಡು ಗುಡಿಸಲು ಶುರುಮಾಡುತ್ತವೆ. ಸೇದುವವರಿಗೆ ಬೆಳಿಗ್ಗೆ ಬಚ್ಚಲಲ್ಲಿ ಕೆಮ್ಮು ಕಿತ್ತುಕೊಂಡು ಬರುತ್ತದಲ್ಲ, ಅದರಲ್ಲಿ ಇವುಗಳ ಪಾಲೂ ಇದೆ. ಸೇದುವುದು ಬಿಟ್ಟ ಮೊದಲ ಕೆಲವು ವಾರ ಕೆಮ್ಮು ಜಾಸ್ತಿಯಾಗುವುದೂ ಇದಕ್ಕೇ. "ಬಿಟ್ಟಮೇಲೇ ಕೆಮ್ಮು ಬಂತು ಸಾರ್, ಅದಕ್ಕೆ ಮತ್ತೆ ಹಿಡಿದೆ" ಅಂತ ಎಷ್ಟು ಜನ ನನ್ನ ಮುಂದೆ ಹೇಳಿದ್ದಾರೋ ಲೆಕ್ಕವಿಲ್ಲ. ಕಸ ಗುಡಿಸುವಾಗ ಧೂಳು ಏಳುತ್ತದೆ ಅಂತ ಪೊರಕೆ ಬಿಸಾಕಿದ ಹಾಗೆ.

"ಸಾರ್, ನಾವು ಇಪ್ಪತ್ತು ವರ್ಷದಿಂದ ರಸ್ತೆ ಹೊಗೆ ಕುಡೀತಿದ್ದೀವಿ. ಅದರ ಮುಂದೆ ಬೀಡಿ ಯಾವ ಲೆಕ್ಕ?" ಅಂತ ಈಗ ಯಾರೋ ಕೇಳಿದರು. ಒಳ್ಳೆಯ ಪ್ರಶ್ನೆ. ಇದೇ ಅನುಮಾನ ಇಂಗ್ಲೆಂಡಿನ ರಿಚರ್ಡ್ ಡಾಲ್ ಅನ್ನುವ ಡಾಕ್ಟರಿಗೂ ಬಂದಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಶ್ವಾಸಕೋಶದ ಕ್ಯಾನ್ಸರ್ ವಿಪರೀತ ಏರಿತು. ರಸ್ತೆಗೆ ಹಾಕುವ ಡಾಂಬರೋ, ಗಾಡಿಗಳ ಹೊಗೆಯೋ ಕಾರಣ ಇರಬೇಕು ಅಂದುಕೊಂಡೇ ಅವರು ಹುಡುಕಲು ಹೊರಟಿದ್ದು. ಲಂಡನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಕೂರಿಸಿ ಕೇಳಿ, 1950ರಲ್ಲಿ ಬ್ರಾಡ್‌ಫರ್ಡ್ ಹಿಲ್ ಜೊತೆ ಫಲಿತಾಂಶ ಪ್ರಕಟಿಸಿದರು. ಡಾಂಬರಲ್ಲ, ಸಿಗರೇಟು. ಡಾಲ್ ಕೂಡ ಸೇದುತ್ತಿದ್ದರು. ತಮ್ಮದೇ ಲೆಕ್ಕ ನೋಡಿ ಬಿಟ್ಟರು.

ಅಷ್ಟಕ್ಕೇ ನಿಲ್ಲಿಸಲಿಲ್ಲ. 1951ರಲ್ಲಿ ಬ್ರಿಟನ್ನಿನ ಡಾಕ್ಟರುಗಳಿಗೇ ಪತ್ರ ಬರೆದು, ನೀವು ಸೇದುತ್ತೀರಾ ಅಂತ ಕೇಳಿದರು. 34,000ಕ್ಕೂ ಹೆಚ್ಚು ಗಂಡಸು ಡಾಕ್ಟರುಗಳನ್ನು 50 ವರ್ಷ ಹಿಂಬಾಲಿಸಿದರು. 2004ರಲ್ಲಿ ಬಂದ ಲೆಕ್ಕದ ಪ್ರಕಾರ ಬಿಡದೆ ಸೇದಿದವರು ಸರಾಸರಿ 10 ವರ್ಷ ಮುಂಚೆ ಸತ್ತರು. 60ನೇ ವಯಸ್ಸಿಗೆ ಬಿಟ್ಟವರು ಅದರಲ್ಲಿ 3 ವರ್ಷ ವಾಪಸ್ ಪಡೆದರು. 50ಕ್ಕೆ ಬಿಟ್ಟವರು 6, 40ಕ್ಕೆ ಬಿಟ್ಟವರು 9. ಮೂವತ್ತಕ್ಕೇ ಬಿಟ್ಟವರು ಹತ್ತಕ್ಕೆ ಹತ್ತೂ. ಇಲ್ಲಿ ನಲವತ್ತರ ಆಸುಪಾಸಿನವರು ಜಾಸ್ತಿ ಕಾಣುತ್ತಿದ್ದೀರಿ.

ನಮ್ಮ ದೇಶದ ಲೆಕ್ಕವೂ ಇದೆ. 11 ಲಕ್ಷ ಮನೆಗಳನ್ನು ಸುತ್ತಿ ಮಾಡಿದ ಅಧ್ಯಯನ, 2008ರಲ್ಲಿ ಬಂತು. ಸಿಗರೇಟು ಸೇದುವ ಗಂಡಸರ ಆಯಸ್ಸು ಸುಮಾರು 10 ವರ್ಷ ಕಮ್ಮಿ. ಬೀಡಿ ಸೇದುವ ಗಂಡಸರದ್ದು 6 ವರ್ಷ ಕಮ್ಮಿ.

"ಹಂಗಾದ್ರೆ ಬೀಡಿನೇ ವಾಸಿ ಅಲ್ವಾ ಸಾರ್!"

(ಚಪ್ಪಾಳೆ, ಸಿಳ್ಳೆ.)

ಇದು ಬಂದೇ ಬರುತ್ತದೆ ಅಂತ ಗೊತ್ತಿತ್ತು. ಒಂದು ಬೀಡಿಯಲ್ಲಿ ಇರುವ ತಂಬಾಕು ಸಿಗರೇಟಿನ ಸುಮಾರು ಕಾಲುಭಾಗ. ಕಾಲುಭಾಗ ತಂಬಾಕಿಗೆ ಆರು ವರ್ಷ ಕಿತ್ತುಕೊಳ್ಳುತ್ತದೆ ಅಂದರೆ ಯಾವುದು ದುಬಾರಿ? ಬೀಡಿ ಎಲೆಯೊಳಗೆ ಗಾಳಿ ಸರಿಯಾಗಿ ಆಡುವುದಿಲ್ಲ, ಬಿಟ್ಟರೆ ಆರಿಹೋಗುತ್ತದೆ. ಅದಕ್ಕೇ ಜೋರಾಗಿ, ಮತ್ತೆ ಮತ್ತೆ ಎಳೆಯುತ್ತೀರಿ. ಟಾರು, ನಿಕೋಟಿನ್, ಕಾರ್ಬನ್ ಮಾನಾಕ್ಸೈಡ್ ಎಲ್ಲ ಆಳಕ್ಕೆ ಇಳಿಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಅಂದರೆ ಗಾಡಿ ಹೊಗೆಯಲ್ಲಿ ಇರುವುದೇ. ನಮ್ಮ ರಕ್ತಕ್ಕೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತದೆ. ಆಮ್ಲಜನಕ ಕೂರಬೇಕಾದ ಸೀಟಿನಲ್ಲಿ ಟವೆಲ್ ಹಾಕಿ ಕೂತುಬಿಡುತ್ತದೆ. ಆಮೇಲೆ ಅದನ್ನು ಎಬ್ಬಿಸುವುದು ಎಷ್ಟು ಕಷ್ಟ ಅಂತ ಕಂಡಕ್ಟರುಗಳಿಗೆ ಗೊತ್ತು.

"ನಾನು ಕಮ್ಮಿ ಮಾಡಿದ್ದೀನಿ, ಈಗ ದಿನಕ್ಕೆ ಒಂದೇ" ಅನ್ನುವವರೂ ಇದ್ದಾರೆ. ಶ್ವಾಸಕೋಶಕ್ಕೆ ಅದರಿಂದ ಸ್ವಲ್ಪ ಲಾಭ ಉಂಟು. ಹೃದಯಕ್ಕೆ ಆ ಲೆಕ್ಕ ನಡೆಯುವುದಿಲ್ಲ. ದಿನಕ್ಕೆ ಒಂದು ಸಿಗರೇಟು ಸೇದಿದರೂ, ಇಪ್ಪತ್ತು ಸೇದುವವನಿಗೆ ಇರುವ ಹೆಚ್ಚುವರಿ ಅಪಾಯದಲ್ಲಿ ಅರ್ಧದ ಹತ್ತಿರ ಹತ್ತಿರ ಉಳಿದೇ ಇರುತ್ತದೆ.

ನಾನು ಹೌಸ್ ಸರ್ಜನ್ ಆಗಿದ್ದಾಗ ಸರ್ಜರಿ ವಾರ್ಡಿನಲ್ಲಿ ಒಬ್ಬ ಹಮಾಲಿ ಇದ್ದ. ಮೂವತ್ತನಾಲ್ಕು ವರ್ಷ. ಚೀಲ ಹೊರುವ ಕಟ್ಟುಮಸ್ತು ಮೈ. ಬಲಗಾಲಿನ ಹೆಬ್ಬೆರಳು ಸುಟ್ಟ ಬದನೆಕಾಯಿಯ ಹಾಗೆ ಕಪ್ಪಾಗಿತ್ತು. ಬರ್ಗರ್ ಕಾಯಿಲೆ. ತಿನ್ನುವ ಬರ್ಗರ್ ಅಲ್ಲ, 1908ರಲ್ಲಿ ಇದನ್ನು ವಿವರಿಸಿದ ಡಾಕ್ಟರ ಹೆಸರು ಅದು. ತಂಬಾಕಿನಿಂದ ಕೈಕಾಲಿನ ಸಣ್ಣ ರಕ್ತನಾಳಗಳು ಊದಿಕೊಂಡು, ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗುತ್ತವೆ. ನಮ್ಮ ಕಡೆ ಬೀಡಿ ಸೇದುವ ಚಿಕ್ಕ ವಯಸ್ಸಿನ ಗಂಡಸರಲ್ಲಿ ಕಾಣುವ ಕಾಯಿಲೆ. ಆ ಹುಡುಗ ರಾತ್ರಿ ಮಲಗುತ್ತಿರಲಿಲ್ಲ. ಮಂಚದ ಅಂಚಿಗೆ ಕೂತು ಕಾಲು ಕೆಳಗೆ ಇಳಿಬಿಟ್ಟಿರುತ್ತಿದ್ದ. ಕಾಲು ಕೆಳಗಿದ್ದರೆ ಒಂದಿಷ್ಟು ರಕ್ತ ಇಳಿದು ನೋವು ಸ್ವಲ್ಪ ತಡೆಯುತ್ತದೆ. ಇದಕ್ಕೆ ಗಟ್ಟಿ ಮದ್ದು ಒಂದೇ, ತಂಬಾಕು ಪೂರ್ತಿ ಬಿಡುವುದು. ಬೆರಳು ತೆಗೆದರು. ನಾಲ್ಕನೇ ದಿನ ನಾನು ಹಿಂದಿನ ಮೆಟ್ಟಿಲಿಗೆ ಹೋದರೆ ಬ್ಯಾಂಡೇಜ್ ಕಾಲು ಮುಂದೆ ಚಾಚಿಕೊಂಡು ಅವನು ಕೂತಿದ್ದಾನೆ. ಕೈಯಲ್ಲಿ ಬೀಡಿ. ನನ್ನ ಕೈಯಲ್ಲಿ ಸಿಗರೇಟು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಬೈಯಲು ನನಗೆ ಬಾಯಿ ಎಲ್ಲಿತ್ತು? ಬೆಂಕಿಪೊಟ್ಟಣ ಕೇಳಿದೆ, ಕೊಟ್ಟ. ಮುಂದಿನ ವರ್ಷ ಅವನು ಮತ್ತೆ ಬಂದಾಗ ಮೊಣಕಾಲಿನ ಕೆಳಗಿನಿಂದ ತೆಗೆಯಬೇಕಾಯಿತು ಅಂತ ಕೇಳಿದೆ.

ಆಗಲೂ ನಾನು ಬಿಡಲಿಲ್ಲ. ನಾನು ಬಿಟ್ಟಿದ್ದು ಒಬ್ಬರು ಅಜ್ಜಿಯಿಂದ. ಎದೆಗೆ ಸ್ಟೆತೊಸ್ಕೋಪ್ ಇಟ್ಟು "ಉಸಿರು ಎಳೀರಮ್ಮ" ಅಂದೆ. ಅವರು ಎಳೆಯುವ ಬದಲು ಮುಖ ಆ ಕಡೆ ತಿರುಗಿಸಿದರು. "ನಿಮ್ಮ ಬಾಯಿಂದಾನೂ ನಮ್ಮೆಜಮಾನ್ರ ವಾಸ್ನೆನೇ ಬತ್ತದಲ್ಲಪ್ಪ" ಅಂದರು. ಬೇಜಾರಿನಿಂದಲ್ಲ, ಸುಮ್ನೆ ಹೇಳಿದರು. ಆಯಮ್ಮ ಜೀವನದಲ್ಲಿ ಒಂದು ಬೀಡಿ ಮುಟ್ಟಿದವರಲ್ಲ. ನಲವತ್ತು ವರ್ಷ ಸೌದೆ ಒಲೆ ಊದಿದ್ದರು, ನಲವತ್ತು ವರ್ಷ ಗಂಡನ ಬೀಡಿ ಹೊಗೆಯಲ್ಲಿ ಮಲಗಿದ್ದರು. 1981ರಲ್ಲೇ ಜಪಾನಿನ ಹಿರಾಯಾಮ ಅನ್ನುವವರು ತೋರಿಸಿದ್ದರು, ಜಾಸ್ತಿ ಸೇದುವವರ ಹೆಂಡತಿಯರಿಗೆ, ತಾವು ಸೇದದಿದ್ದರೂ, ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ ಅಂತ. ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಅಜ್ಜಿ ಮುಖ ತಿರುಗಿಸಿದಾಗ ಅರ್ಥವಾಯಿತು.

"ನಮ್ಮಜ್ಜ ಸಾಯೋವರೆಗೂ ಬೀಡಿ ಸೇದಿದ, ತೊಂಬತ್ತು ವರ್ಷ ಬದುಕಿದ." ಹೌದು, ಎಲ್ಲ ಊರಲ್ಲೂ ಅಂಥ ಅಜ್ಜ ಒಬ್ಬ ಇರುತ್ತಾನೆ. ಹೆಲ್ಮೆಟ್ ಇಲ್ಲದೆ ಮೂವತ್ತು ವರ್ಷ ಗಾಡಿ ಓಡಿಸಿದವರೂ ಇದ್ದಾರೆ. ನಿಮ್ಮಜ್ಜನ ಜೊತೆ ಕಟ್ಟೆ ಮೇಲೆ ಕೂತು ಸೇದುತ್ತಿದ್ದ ಮಿಕ್ಕವರು ಯಾವ ವಯಸ್ಸಿಗೆ ಹೋದರು ಅಂತ ಮನೆಯಲ್ಲಿ ಒಂದು ಸಲ ಕೇಳಿ ನೋಡಿ.

ಈಗ ನಾನೊಂದು ಪ್ರಶ್ನೆ ಕೇಳುತ್ತೇನೆ. ಅಯ್ಯಪ್ಪ ಮಾಲೆ ಹಾಕಿದವರು ಕೈ ಎತ್ತಿ. ಅಬ್ಬಾ, ಇಷ್ಟು ಜನ. 41 ದಿನ ವ್ರತದಲ್ಲಿ ಬೀಡಿ ಮುಟ್ಟದವರು? ಹೆಚ್ಚು ಕಮ್ಮಿ ಅದೇ ಕೈಗಳು. ರಂಜಾನಿನಲ್ಲಿ ಸೂರ್ಯ ಮುಳುಗುವವರೆಗೆ ಸೇದದೆ ಗಾಡಿ ಓಡಿಸುವವರೂ ಇಲ್ಲಿದ್ದೀರಿ. ಹಾಗಾದರೆ "ನನ್ನ ಕೈಲಿ ಆಗಲ್ಲ" ಅನ್ನುವ ಮಾತು ಎಲ್ಲಿಂದ ಬಂತು?

ನಿಕೋಟಿನ್ ಬಿಟ್ಟಾಗಿನ ಸಂಕಟ ಮೊದಲ ಮೂರು ದಿನ ಜೋರು. ಎರಡರಿಂದ ನಾಲ್ಕು ವಾರದಲ್ಲಿ ಬಹುಪಾಲು ಇಳಿಯುತ್ತದೆ. ಅಂದರೆ ಇರುಮುಡಿ ಹೊತ್ತು ಬೆಟ್ಟ ಹತ್ತುವ ಹೊತ್ತಿಗೆ ನಿಮ್ಮ ಮೈ ಆ ಕಷ್ಟವನ್ನು ದಾಟಿ ಆಗಿರುತ್ತದೆ. ಆದರೂ ಮಾಲೆ ತೆಗೆದ ದಿನವೇ ಒಂದು ಹಚ್ಚುತ್ತೀರಿ. ಯಾಕೆ? ಮಾಲೆಯಲ್ಲಿದ್ದಾಗ ಯಾರೂ ನಿಮಗೆ ಬೀಡಿ ಚಾಚುವುದಿಲ್ಲ. ಟೀ ಅಂಗಡಿಯವನು "ಸ್ವಾಮಿ" ಅನ್ನುತ್ತಾನೆ. ಜೊತೆಯವರು ದೂರ ಹೋಗಿ ಸೇದುತ್ತಾರೆ. ಹೆಂಡತಿ ಮಕ್ಕಳು ನಿಮ್ಮ ಸಿಡುಕನ್ನು ಸಹಿಸುತ್ತಾರೆ. ಊರೆಲ್ಲ ನಿಮ್ಮ ವ್ರತವನ್ನು ಹೊತ್ತುಕೊಂಡಿರುತ್ತದೆ. ಮಾಲೆ ತೆಗೆದ ಮರುದಿನ ಅದೇ ಗೆಳೆಯ "ಬಾ ಗುರು" ಅಂತ ಕಟ್ಟು ಬಿಚ್ಚುತ್ತಾನೆ. ನನಗೆ ಅನ್ನಿಸುವುದು, ನಿಮ್ಮನ್ನು ಸೋಲಿಸುವುದು ನಿಮ್ಮ ಮನಸ್ಸಿನ ದೌರ್ಬಲ್ಯವಲ್ಲ. ಕ್ಯಾಂಟೀನ್ ಹಿಂದೆ ನಿಂತ ಮಿಕ್ಕ ಮೂರು ಜನ. ಒಬ್ಬ ಬಿಡುತ್ತೇನೆ ಅಂದರೆ ಜೊತೆಯವರು ಒಂದು ತಿಂಗಳು ಅವನನ್ನು ಮಾಲೆ ಹಾಕಿದವನ ಹಾಗೆ ನೋಡಿಕೊಳ್ಳಿ. ಮನೆಯವರಿಗೂ ಇದೇ ಮಾತು.

ಇನ್ನು ಕೆಲಸಕ್ಕೆ ಬರುವ ನಾಲ್ಕು ಮಾತು. ಸೇದಬೇಕು ಅನ್ನುವ ತುಡಿತ ಬಂದಾಗ ಗಡಿಯಾರ ನೋಡಿ. ಅದು ಹೆಚ್ಚಾಗಿ ಐದು ಹತ್ತು ನಿಮಿಷದಲ್ಲಿ ತಾನೇ ಇಳಿಯುತ್ತದೆ. ಅಷ್ಟು ಹೊತ್ತು ನೀರು ಕುಡಿಯಿರಿ, ಗಾಡಿ ಸುತ್ತ ಒಂದು ಸುತ್ತು ಹಾಕಿ ಟೈರ್ ನೋಡಿ. ಟೀ ಕಾಫಿ ಅರ್ಧಕ್ಕೆ ಇಳಿಸಿ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಸೇದುವವರ ಮೈ ಕಾಫಿಯ ಕೆಫೀನನ್ನು ಬೇಗ ಹೊರಹಾಕುತ್ತಿರುತ್ತದೆ. ಸೇದುವುದು ನಿಂತರೆ ಅದೇ ನಾಲ್ಕು ಲೋಟ ಕಾಫಿ ಎಂಟು ಲೋಟದ ಕೆಲಸ ಮಾಡುತ್ತದೆ. ಎದೆ ಡವಗುಟ್ಟುತ್ತದೆ, ನಿದ್ದೆ ಬರುವುದಿಲ್ಲ. ಬೀಡಿ ಬಿಟ್ಟಿದ್ದಕ್ಕೆ ಹೀಗಾಯಿತು ಅಂದುಕೊಳ್ಳುತ್ತೀರಿ.

ಮೆಡಿಕಲ್ ಶಾಪಿನಲ್ಲಿ ನಿಕೋಟಿನ್ ಗಮ್ ಸಿಗುತ್ತದೆ, 2 ಮಿಲಿಗ್ರಾಂ, 4 ಮಿಲಿಗ್ರಾಂ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಹಚ್ಚುವವರಿಗೆ ದೊಡ್ಡದು ಬೇಕಾಗುತ್ತದೆ, ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ. ಚೂಯಿಂಗ್ ಗಮ್ ಹಾಗೆ ಚಪ್ಪರಿಸಬೇಡಿ. ನಾಲ್ಕೈದು ಸಲ ಅಗಿದು, ಬಾಯಿ ಚುರ್ ಅಂದಾಗ ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಿ. ಹಾಗಂತ ಬೀಡಿ ಬಿಟ್ಟು ಗುಟ್ಕಾ ಹಾಕಿಕೊಂಡು ಬಂದು ನನಗೆ ಲೆಕ್ಕ ಕೊಡಬೇಡಿ. ಕಟ್ಟಿನ ಮೇಲೆ ಒಂದು ನಂಬರ್ ಇದೆ, ಯಾರೂ ಓದುವುದಿಲ್ಲ: 1800-11-2356. ತಂಬಾಕು ಬಿಡಲು ಸಹಾಯ ಮಾಡುವ ಫೋನ್, ಪುಕ್ಕಟೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು.

ಜಾರಿದರೆ? ಜಾರಿದ ದಿನ ಯಾವ ಹೊತ್ತು, ಯಾರ ಜೊತೆ, ಏನಾಗಿತ್ತು ಅಂತ ಬರೆದಿಟ್ಟುಕೊಂಡು ಮತ್ತೆ ಶುರುಮಾಡಿ. ನಾನು ಬಿಟ್ಟಿದ್ದು ಮೂರನೇ ಸಲಕ್ಕೆ. ಮೊದಲ ಸಲ ಒಂಬತ್ತು ದಿನ, ಎರಡನೇ ಸಲ ಐದು ತಿಂಗಳು. ಎರಡು ಸಲವೂ ಜಾರಿದ್ದು ಮದುವೆ ಮನೆಯಲ್ಲಿ, ಊಟ ಆದಮೇಲೆ. ಮೂರನೇ ಸಲ ಒಂದು ವರ್ಷ ಮದುವೆಗಳಲ್ಲಿ ಊಟ ಆದ ಕೂಡಲೇ ಮನೆಗೆ ಹೊರಟುಬಿಡುತ್ತಿದ್ದೆ. ನೆಂಟರು ಬೈದುಕೊಂಡರು.

(ಮಾತು ಮುಗಿದು ಎಲ್ಲರೂ ಏಳುವಾಗ ಆ ನಾಲ್ಕನೆಯವರು ಬಂದರು. ಸ್ಟ್ರಾ ಇನ್ನೂ ಜೇಬಿನಲ್ಲಿತ್ತು. "ಸಾರ್, ಇವತ್ತು ನಾಳೆ ನೈಟ್ ಹಾಲ್ಟ್ ಗಾಡಿ. ಆ ಕಂಡಕ್ಟರೂ ಸೇದ್ತಾನೆ. ಇವತ್ತಿಂದ ಆಗಲ್ಲ. ವೀಕ್ಲಿ ಆಫ್‌ನಿಂದ ಶುರುಮಾಡ್ಲಾ?" ಅಂದರು. ಸರಿ, ತಾರೀಖು ಬರೆದುಕೊಡಿ ಅಂದೆ. ಪೆನ್ನು ಇಸಿದುಕೊಂಡು, ಹಳೇ ಟಿಕೆಟ್ ಚೂರಿನ ಹಿಂದೆ ತಾರೀಖು ಬರೆದರು. ಕೊಡುವ ಮುಂಚೆ ಒಂದು ಸಲ ಯೋಚನೆ ಮಾಡಿ, ಕೆಳಗೆ ಆ ಕಂಡಕ್ಟರ್ ಹೆಸರನ್ನೂ ಸೇರಿಸಿದರು. "ಅವನಿಗೆ ಇನ್ನೂ ಹೇಳಿಲ್ಲ" ಅಂದರು.)